ದಾರಿಯಿಲ್ಲದ ಕಾಡನ್ನು ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ವಿರಾಜಪೇಟೆಯವಳು. ನಮ್ಮಜ್ಜನ ಕಾಲದ ಒಂದು ಕತೆ ಬರೆಯುತ್ತಿದ್ದೇನೆ, 1950ರ ಆಸುಪಾಸಿನದ್ದು. ಕಕ್ಕಬ್ಬೆ ಕಡೆಯ ಹುಡುಗನೊಬ್ಬ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ತಪ್ಪಿಸಿಕೊಂಡ ಹಸು ಹುಡುಕುತ್ತ ತಡಿಯಂಡಮೋಳ್ ಬೆಟ್ಟದ ಆಚೆ ಬದಿಯ ಕಾಡಿಗೆ ಇಳಿಯುತ್ತಾನೆ. ಎರಡು ದಿನ ದಾರಿ ತಪ್ಪಿ ಅಲೆಯುತ್ತಾನೆ. ಆದರೆ ನಾನು ಬರೆದಾಗೆಲ್ಲ "ದಟ್ಟವಾದ ಕಾಡು. ಎಲ್ಲೂ ದಾರಿಯೇ ಇರಲಿಲ್ಲ" ಅನ್ನುವಲ್ಲಿಗೆ ಕತೆ ನಿಂತುಬಿಡುತ್ತದೆ. ಗೊಂಡಾರಣ್ಯ, ದುರ್ಗಮ ಇವೆಲ್ಲ ಬರೆದು ಅಳಿಸಿದ್ದೇನೆ. ಬರೆದ ಪುಟವನ್ನು ಜೊತೆಗೆ ಕಳಿಸಿದ್ದೇನೆ, ಹುಡುಗ ಕಾಡಿನಿಂದ ಹೊರಬರುವ ಭಾಗ ಇನ್ನೂ ಬರೆದಿಲ್ಲ. ದಾರಿ, ರಸ್ತೆ ಇಲ್ಲದ ಜಾಗವನ್ನು ಹೇಳಲು ನಮ್ಮಲ್ಲಿ ಬೇರೆ ಪದಗಳು ಉಂಟಾ?

ಉತ್ತರ: ಉಂಟು, ಬೇಕಾದಷ್ಟು ಉಂಟು. ಆದರೆ ನಿಮ್ಮ ಕತೆ ನಿಂತದ್ದು ಪದ ಸಾಲದೆ ಅಲ್ಲ. "ದಾರಿಯೇ ಇರಲಿಲ್ಲ" ಅಂತ ಇಲ್ಲದ್ದನ್ನು ಹೇಳಿದಿರಿ. ಅಷ್ಟು ಹೇಳಿದ ಮೇಲೆ ಮುಂದಿನ ಸಾಲಿಗೆ ಏನೂ ಉಳಿಯುವುದಿಲ್ಲ. ಆ ಹುಡುಗನ ಕಾಲಿಗೆ ಏನು ಸಿಕ್ಕಿತು, ಕೈ ಏನನ್ನು ಹಿಡಿಯಿತು, ಕಿವಿಗೆ ಏನು ಬಿತ್ತು? ನಮ್ಮ ಭಾಷೆಯ ಪದಗಳೆಲ್ಲ ಅಲ್ಲಿ ಕೂತಿವೆ.

ಮೊದಲು ನೀವು ಬರೆದು ಅಳಿಸಿದ ಪದಗಳ ವಿಷಯ. ಅಳಿಸಿದ್ದು ಸರಿ. ಗೊಂಡಾರಣ್ಯ, ಕೀಕಾರಣ್ಯ, ದಟ್ಟಡವಿ, ಕಗ್ಗಾಡು, ಇವೆಲ್ಲ ಕಾಡಿನ ಹೊರಗೆ ನಿಂತವರು ಆಡುವ ಮಾತು. ಮನೆಯ ಜಗಲಿಯಲ್ಲಿ ಕೂತ ಹುಡುಗನ ತಾಯಿ "ಅಯ್ಯೋ, ಆ ಗೊಂಡಾರಣ್ಯದಲ್ಲಿ ಮಗು ಎಲ್ಲಿ ಹೋಯ್ತೋ" ಅಂದರೆ ಒಪ್ಪುತ್ತದೆ. ಅವಳ ಭಯ ಆ ಪದದಲ್ಲಿದೆ. ಒಳಗೆ ಸಿಕ್ಕಿಕೊಂಡ ಹುಡುಗನಿಗೆ ಅದು ಗೊಂಡಾರಣ್ಯ ಅಲ್ಲ, ಎದುರಿಗಿರುವ ಒಂದು ಮರ, ಒಂದು ಬಂಡೆ, ಒಂದು ಬಳ್ಳಿ. ಕತೆ ಅವನ ಜೊತೆ ನಡೆಯುವಾಗ ಆ ಪದ ಬಂದರೆ ಓದುವವರು ಥಟ್ಟನೆ ಜಗಲಿಗೆ ವಾಪಸ್ ಬಂದುಬಿಡುತ್ತಾರೆ.

ದುರ್ಗಮ ಅನ್ನುವುದು ವರದಿಗೆ ಸರಿ. "ದುರ್ಗಮ ಪ್ರದೇಶವಾದ್ದರಿಂದ ಶೋಧ ಕಾರ್ಯಕ್ಕೆ ಅಡ್ಡಿ" ಅಂತ ಪೇಪರಿನಲ್ಲಿ ಬರುತ್ತದೆ, ಅಲ್ಲಿಗೇ ಇರಲಿ. ನಿರ್ಜನ ಅನ್ನುವ ಪದವನ್ನು ಮಾತ್ರ ಯೋಚಿಸಿ ಬಳಸಿ. ಕೊಡಗಿನ ಪಶ್ಚಿಮದ ಬೆಟ್ಟಗಳಲ್ಲಿ ಕುಡಿಯರು ಅನ್ನುವ ಬುಡಕಟ್ಟಿನವರು ತಲೆಮಾರುಗಳಿಂದ ಇದ್ದಾರೆ. ಜೇನು ಇಳಿಸಿಕೊಂಡು, ಬೈನೆ ಮರದಿಂದ ಹೆಂಡ ಇಳಿಸಿಕೊಂಡು ಬದುಕಿದವರು. ನಿಮ್ಮ ಹುಡುಗನಿಗೆ ಯಾರೂ ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಅಂತಲ್ಲ. "ಜನ ಕಾಣಲಿಲ್ಲ" ಅನ್ನಿ. ಸಣ್ಣ ವ್ಯತ್ಯಾಸ, ಆದರೆ ನ್ಯಾಯದ ವ್ಯತ್ಯಾಸ.

ಕಾನು, ಅಡವಿ ಈ ಎರಡು ಪದಗಳೂ ನಿಮ್ಮ ಕತೆಗೆ ಬೇಡ. ಕಾನು ಅನ್ನುವುದು ಸಾಗರ, ಸೊರಬ, ಸಿರಸಿ ಕಡೆಯವರ ಬಾಯಲ್ಲಿ ಚೆಂದ. ಅಡವಿ ಬಯಲುಸೀಮೆಯ ಮಾತಿನಲ್ಲಿ ಜಾಸ್ತಿ. ನಮ್ಮ ಕಡೆ ಕಾಡು ಅನ್ನುತ್ತೇವೆ, ಮಲೆ ಅನ್ನುತ್ತೇವೆ. ಅಷ್ಟೇ ಸಾಕು. ಕಾಡು ಅನ್ನುವುದು ಸಾಮಾನ್ಯ ಪದ ಅಂತ ಬೇಜಾರು ಮಾಡಿಕೊಂಡು ಅದಕ್ಕೆ ವಿಶೇಷಣ ಪೇರಿಸಬೇಡಿ.

ಇನ್ನು, ದಾರಿ ಯಾಕೆ ಇಲ್ಲ ಅನ್ನುವ ಪ್ರಶ್ನೆ. ಇದನ್ನು ನೀವು ಕೇಳಿಕೊಂಡಿಲ್ಲ ಅಂತ ಕಾಣುತ್ತದೆ. ದಾರಿ ಇಲ್ಲದ ಜಾಗಗಳೆಲ್ಲ ಒಂದೇ ಥರ ಅಲ್ಲ, ಕೊಡಗಿನಲ್ಲಂತೂ ಅಲ್ಲವೇ ಅಲ್ಲ.

ದಾರಿ ಇತ್ತು, ಕಾಡು ಮುಚ್ಚಿಕೊಂಡಿತು ಅನ್ನುವುದು ಒಂದು. ಇದಕ್ಕೆ ಹಳು ಬೆಳೆಯಿತು, ಮೆಳೆ ಹಬ್ಬಿತು, ದಾರಿ ಮಾಸಿತು, ಜಾಡು ಅಳಿಯಿತು ಅಂತ ಹೇಳುವ ರೂಢಿ ಇದೆ. ನಿಮ್ಮ ಕತೆ ನಡೆಯುವ ಜಾಗದಲ್ಲಿ ಇದು ತುಂಬ ಸಹಜ. ಆ ಬೆಟ್ಟಸಾಲಿನಲ್ಲಿ ಏಲಕ್ಕಿ ಮಲೆಗಳಿದ್ದವು. ಮರದ ನೆರಳಲ್ಲಿ ಏಲಕ್ಕಿ ಬೆಳೆಯುವ ಕಾಡಿನ ಭಾಗಕ್ಕೇ ಮಲೆ ಅನ್ನುತ್ತಿದ್ದರು. ಕೊಯ್ಲಿನ ಹೊತ್ತಿಗೆ ಜನ ಹೋಗುತ್ತಾರೆ, ಗುಡಿಸಲು ಹಾಕುತ್ತಾರೆ, ಕಾಯಿ ಒಣಗಿಸುತ್ತಾರೆ, ಇಳಿದು ಬರುತ್ತಾರೆ. ಒಂದು ಮಳೆಗಾಲ ಕಳೆದರೆ ಅವರು ನಡೆದ ದಾರಿ ಅರ್ಧ ಮುಚ್ಚಿರುತ್ತದೆ. ಎರಡು ಮೂರು ವರ್ಷ ಯಾರೂ ಹೋಗದಿದ್ದರೆ ಅಲ್ಲಿ ದಾರಿ ಇತ್ತು ಅನ್ನುವುದಕ್ಕೆ ಕತ್ತಿ ತಾಗಿದ ಹಳೆ ಬುಡ ಒಂದೇ ಸಾಕ್ಷಿ. ನಿಮ್ಮ ಹುಡುಗ ಅಂಥ ಬುಡವೊಂದನ್ನು ಕಂಡು, ಇಲ್ಲಿ ಯಾರೋ ನಡೆದಿದ್ದಾರೆ ಅಂತ ಆಸೆ ಪಟ್ಟು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಏನೂ ಇಲ್ಲ ಅಂತ ನಿಂತರೆ? ಆ ಒಂದು ಪ್ಯಾರಾ ನಿಮ್ಮ "ದಾರಿಯೇ ಇರಲಿಲ್ಲ" ಅನ್ನುವುದಕ್ಕಿಂತ ಎಷ್ಟೋ ಪಾಲು ಗಟ್ಟಿ.

ದಾರಿಯನ್ನು ಬೆಟ್ಟವೇ ನುಂಗಿದ್ದು ಇನ್ನೊಂದು. ಇದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆ ಬೆಟ್ಟ ಜರಿದಾಗ ಇದ್ದ ರಸ್ತೆ ಒಂದೇ ಹೊತ್ತಿನಲ್ಲಿ ಇಲ್ಲವಾಯಿತು. ಜನ ಮುದುಕರನ್ನು, ಮಕ್ಕಳನ್ನು ಕರೆದುಕೊಂಡು ತೋಟದೊಳಗೆ, ಬೆಟ್ಟದ ಮೇಲೆ ದಾರಿ ಇಲ್ಲದಲ್ಲಿ ನಡೆದು ಪಾರಾದರು. ಆಗ ಎಲ್ಲರ ಬಾಯಲ್ಲೂ ಇದ್ದ ಪದ ಬರೆ. ಬರೆ ಅಂದರೆ ಕಡಿದಾಗಿ ನಿಂತ ಮಣ್ಣಿನ ಏರು, ಮನೆಯ ಹಿಂದಿನದ್ದು, ರಸ್ತೆಯ ಪಕ್ಕದ್ದು. ಬರೆ ಕುಸಿಯಿತು, ಬರೆ ಜರಿಯಿತು ಅನ್ನುತ್ತಾರೆ. ನಿಮ್ಮ ಕತೆಯ ಕಾಲಕ್ಕೂ ಮಳೆಗಾಲದಲ್ಲಿ ಸಣ್ಣಪುಟ್ಟ ಬರೆ ಜರಿಯುತ್ತಲೇ ಇತ್ತು. ಹುಡುಗ ಹತ್ತಬೇಕಾದ ಏರು ಹಸಿ ಕೆಂಪು ಮಣ್ಣಾಗಿ ಕಾಲಿಗೆ ನಿಲ್ಲದೆ ಜಾರುವುದನ್ನು ಬರೆಯುವುದಾದರೆ ಈ ಪದ ಕೈಯಲ್ಲಿರಲಿ.

ಬೇಕಂತಲೇ ದಾರಿ ಮಾಡದೆ ಬಿಟ್ಟ ಜಾಗಗಳೂ ಉಂಟು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಅಂತ ಲೆಕ್ಕ. ಅವುಗಳಲ್ಲಿ ಮರ ಕಡಿಯಬಾರದು, ಸುಮ್ಸುಮ್ನೆ ಒಳಗೆ ಓಡಾಡಬಾರದು ಅನ್ನುವ ಕಟ್ಟು. ಹಬ್ಬದ ದಿನ ಗುಡಿಯವರೆಗೆ ಹೋಗುವ ಒಂದು ಕಾಲುದಾರಿ ಇದ್ದೀತು. ಅದರ ಆಚೆಗೆ ಯಾರೂ ಕಾಲಿಡುವುದಿಲ್ಲ. ಅಂಥ ಕಾಡನ್ನು ಭೀಕರ ಅನ್ನಲು ಬರುವುದಿಲ್ಲ. ಅಲ್ಲಿ ದಾರಿ ಇಲ್ಲದಿರುವುದು ಭಕ್ತಿಯಿಂದ, ಕಟ್ಟುಪಾಡಿನಿಂದ. ನಿಮ್ಮ ಹುಡುಗ ಅಲೆದು ಅಲೆದು ಕೊನೆಗೆ ಯಾವುದೋ ಊರಿನ ದೇವರಕಾಡಿನ ಹಿಂಬದಿಯಿಂದ ಒಳಗೆ ಬಂದರೆ ಅವನಿಗೆ ಸಮಾಧಾನವೂ ಆಗುತ್ತದೆ, ತಪ್ಪು ಮಾಡಿದೆ ಅನ್ನುವ ಅಂಜಿಕೆಯೂ ಆಗುತ್ತದೆ.

ಕಕ್ಕಬ್ಬೆಯ ಹುಡುಗ ಅಂದಿರಿ. ಅವನ ಊರಿನಲ್ಲೇ ನಾಲ್ಕುನಾಡು ಅರಮನೆ ಇದೆ, ತಡಿಯಂಡಮೋಳ್ ಬುಡದಲ್ಲಿ. 18ನೇ ಶತಮಾನದ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಅಲ್ಲಿ ಕಟ್ಟಿಸಿದ್ದೇ ಸುಲಭಕ್ಕೆ ಯಾರೂ ಬಂದು ಮುಟ್ಟಬಾರದು ಅಂತ. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಅಲ್ಲಿಗೇ. ಆ ಊರಿನ ಮಕ್ಕಳಿಗೆ ದಾರಿ ಇಲ್ಲದ ಕಾಡು ಅಂದರೆ ಬರೀ ಹೆದರಿಕೆ ಅಲ್ಲ, ಆಸರೆಯೂ ಹೌದು. ಅಜ್ಜಂದಿರ ಮಾತಿನಲ್ಲಿ ಅದು ಬಂದೇ ಇರುತ್ತದೆ. ಹುಡುಗನ ತಲೆಯಲ್ಲೂ ಇರಲಿ.

ದಟ್ಟ ಅನ್ನುವ ಪದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಕಣ್ಣಿಗೂ ಹೇಳುತ್ತದೆ, ಕಾಲಿಗೂ ಹೇಳುತ್ತದೆ. ಆ ಎರಡೂ ಒಂದೇ ಅಲ್ಲ. ನಿಮ್ಮ ಹುಡುಗ ಇಳಿಯುವ ದಿಕ್ಕಿನಲ್ಲಿ ಮೂರು ಥರದ ಜಾಗ ಅವನಿಗೆ ಸಿಗುತ್ತದೆ.

ಮೇಲೆ ಹುಲ್ಲು. 1,748 ಮೀಟರ್ ಎತ್ತರದ ಆ ಬೆಟ್ಟದ ತಲೆ ಬೋಳು. ಅಲ್ಲಿ ದಾರಿ ಬೇಕಾಗಿಯೇ ಇಲ್ಲ. ಕಣ್ಣಿಗೆ ಕಂಡ ಕಡೆ ನಡೆಯಬಹುದು, ಮೋಡ ಇಳಿಯುವ ತನಕ. ಮೋಡ ಇಳಿದರೆ ಹತ್ತು ಮಾರು ಆಚೆ ಏನಿದೆ ಅಂತ ತಿಳಿಯುವುದಿಲ್ಲ. ಹುಡುಗ ದಾರಿ ತಪ್ಪುವುದು ಕಾಡಿನಲ್ಲಿ ಅಂತ ಎಲ್ಲರೂ ಬರೆಯುತ್ತಾರೆ. ನಿಜದಲ್ಲಿ ಅವನು ತಪ್ಪುವುದು ಈ ಬೋಳುಬೆಟ್ಟದ ಮೇಲೆ, ಮಂಜಿನಲ್ಲಿ. ಬಂದ ಬದಿ ಬಿಟ್ಟು ಇನ್ನೊಂದು ಬದಿಗೆ ಇಳಿದುಬಿಡುತ್ತಾನೆ. ಕಾಡು ಹೊಕ್ಕ ಮೇಲೆ ಅವನಿಗೆ ಅದು ಗೊತ್ತಾಗುತ್ತದೆ.

ಹುಲ್ಲಿನ ಕೆಳಗೆ, ಬೆಟ್ಟದ ಮಡಿಕೆಗಳಲ್ಲಿ, ಗಿಡ್ಡ ಮರಗಳ ಕಾಡು. ಇದಕ್ಕೆ ಶೋಲ ಕಾಡು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ನಿಮ್ಮ ಹುಡುಗನಿಗೆ ಆ ಹೆಸರು ತಿಳಿದಿರಲಿಕ್ಕಿಲ್ಲ. ಗಾಳಿಗೆ ಬಗ್ಗಿದ ಮರಗಳು, ಕೊಂಬೆಯ ತುಂಬ ಹಾವಸೆ, ಕೈ ಇಟ್ಟಲ್ಲೆಲ್ಲ ನೀರು ಒಸರುತ್ತದೆ. ಇಲ್ಲಿ ನೆಟ್ಟಗೆ ನಡೆಯಲು ಆಗುವುದಿಲ್ಲ. ಬಗ್ಗಬೇಕು, ಕೊಂಬೆ ದಾಟಬೇಕು, ಬೇರು ಹಿಡಿದು ಇಳಿಯಬೇಕು.

ಇನ್ನೂ ಕೆಳಗೆ ದೊಡ್ಡ ಮರಗಳ ಹಸಿರು ಕಾಡು. ಓದುಗರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಹಳೆಯ ದೊಡ್ಡ ಕಾಡಿನ ಒಳಗೆ ನೆಲ ಬಹಳ ಕಡೆ ತೆರವಾಗಿಯೇ ಇರುತ್ತದೆ. ಮೇಲೆ ಎಲೆ ಕೂಡಿಕೊಂಡು ಬಿಸಿಲು ಕೆಳಗೆ ಬರುವುದಿಲ್ಲ. ಬಿಸಿಲಿಲ್ಲದೆ ಕೆಳಗಿನ ಗಿಡ ಹೆಚ್ಚು ಬೆಳೆಯುವುದಿಲ್ಲ. ಕಣ್ಣಿಗೆ ಕತ್ತಲು, ಕಾಲಿಗೆ ಜಾಗ. ಮರ ಮರದ ನಡುವೆ ಎಲ್ಲಿ ನೋಡಿದರೂ ನಡೆಯಬಹುದು ಅನಿಸುತ್ತದೆ. ಎಲ್ಲ ಸಂದುಗಳೂ ದಾರಿಯ ಹಾಗೇ ಕಾಣುತ್ತವೆ. ಕಾಡು ಹೊಕ್ಕವರು ಮತ್ತಷ್ಟು ದಾರಿ ತಪ್ಪುವುದು ಇದರಿಂದಲೇ! ಎದುರಿಗೆ ಗೋಡೆ ಕಟ್ಟಿದಂತೆ ಮೆಳೆ ನಿಂತಿದ್ದರೆ ಮನುಷ್ಯ ನಿಲ್ಲುತ್ತಾನೆ, ಯೋಚಿಸುತ್ತಾನೆ, ಹಿಂದೆ ತಿರುಗುತ್ತಾನೆ. ಎಲ್ಲ ಕಡೆ ಜಾಗ ಇದ್ದರೆ ನಡೆಯುತ್ತಲೇ ಹೋಗುತ್ತಾನೆ.

ಹಾಗಾದರೆ ನುಗ್ಗಲಾರದ ಮೆಳೆ ಎಲ್ಲಿ? ಕಾಡಿನ ಅಂಚಿನಲ್ಲಿ. ದೊಡ್ಡ ಮರ ಬಿದ್ದು ಬಿಸಿಲು ಇಳಿದ ಕಡೆ. ಹಿಂದೆ ಕಡಿದು ಬಿಟ್ಟ ಜಾಗದಲ್ಲಿ. ನೀರು ಕೊರೆದು ಇಳಿದ ಕೊಲ್ಲಿಯ ಎರಡು ದಡಗಳಲ್ಲಿ. ಇದನ್ನು ತಿಳಿದು ಬರೆದರೆ ನಿಮ್ಮ ಕಾಡಿಗೆ ಒಳಗು ಹೊರಗು ಬರುತ್ತದೆ. ಒಂದು ಕಡೆ ಬಿಚ್ಚಿಕೊಳ್ಳುತ್ತದೆ, ಒಂದು ಕಡೆ ಹಿಡಿದುಕೊಳ್ಳುತ್ತದೆ. ಸುಮ್ನೆ ಎಲ್ಲ ಕಡೆ ದಟ್ಟ ಅಂದರೆ ಅದು ಯಾವ ಕಾಡೂ ಅಲ್ಲ.

ಹಿಡಿದುಕೊಳ್ಳುವುದು ಅಂದೆ. ಅಲ್ಲಿ ಗಿಡದ ಹೆಸರು ಹೇಳಿ. ಮುಳ್ಳುಕಂಟಿ ಅಂದರೆ ಸಾಲದು. ಬೆತ್ತ ಬೇರೆ, ಸೀಗೆ ಬೇರೆ, ವಾಟೆ ಬೇರೆ. ಬೆತ್ತದ ಬಳ್ಳಿಯನ್ನು ಹತ್ತಿರದಿಂದ ನೋಡಿದ್ದೀರಾ? ತುದಿಯಲ್ಲಿ ಚಾಟಿಯಂಥ ಉದ್ದ ಎಳೆ ತೂಗುತ್ತಿರುತ್ತದೆ. ಅದರ ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಕೊಂಬೆಗೆ ಸಿಕ್ಕಿಕೊಂಡು ಮೇಲೆ ಹತ್ತಲು ಅದಕ್ಕೆ ಆ ಕೊಕ್ಕೆ ಬೇಕು. ಹೋಗುವವರ ಅಂಗಿಗೆ ಒಂದು ಸಲ ತಾಗಿದರೆ, ಮುಂದಕ್ಕೆ ಎಳೆದಷ್ಟೂ ಇನ್ನಷ್ಟು ಕಚ್ಚುತ್ತದೆ. ಬಿಡಿಸಿಕೊಳ್ಳಬೇಕಾದರೆ ನಿಂತು, ಹಿಂದೆ ಬಂದು, ಒಂದೊಂದೇ ಕೊಕ್ಕೆ ತೆಗೆಯಬೇಕು. ಗಾಬರಿಯಾದವನು ಅದನ್ನು ಮಾಡುವುದಿಲ್ಲ, ಎಳೆಯುತ್ತಾನೆ. ಹುಡುಗ ಮೊದಲ ದಿನ ಎಳೆಯಲಿ. ಎರಡನೇ ದಿನ ನಿಂತು ಬಿಡಿಸಲಿ. ಅವನು ಏನು ಕಲಿತ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ವಾಟೆ ಬಿದಿರಿಗೆ ಮುಳ್ಳಿಲ್ಲ, ಆದರೆ ಅದು ಒತ್ತಾಗಿ ನಿಲ್ಲುತ್ತದೆ. ಭುಜ ತೂರಿಸಲು ಸಂದು ಸಿಗದು. ಬಿದಿರ ಮೆಳೆ ಅನ್ನುವುದಕ್ಕಿಂತ ವಾಟೆ ಅನ್ನಿ. ಮುಟ್ಟಿದರೆ ಉರಿಯುವ ತುರಚೆಯನ್ನೂ ಮರೆಯಬೇಡಿ, ಬಗ್ಗಿ ನುಸುಳುವವನಿಗೆ ಅದು ಮುಖಕ್ಕೇ ತಾಗುತ್ತದೆ. ಜಿಗಣೆ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೆ ಕಚ್ಚಿದಾಗ ನೋವಾಯಿತು ಅಂತ ಬರೆಯುತ್ತಾರೆ. ನೋವೇ ಆಗುವುದಿಲ್ಲ. ಕಾಲ ಬೆರಳ ಸಂದಿಯಲ್ಲಿ ಅಂಟಂಟು ಅನಿಸಿದಾಗ ಬಗ್ಗಿ ನೋಡಿದರೆ ರಕ್ತ. ಜಿಗಣೆ ಬಿದ್ದು ಹೋದ ಮೇಲೂ ರಕ್ತ ನಿಲ್ಲುವುದಿಲ್ಲ, ಯಾಕೆಂದರೆ ಅದರ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಕೈಲ್‌ಪೊಳ್ದ್ ಆದ ಮೇಲೆ ಅಂದಿರಿ, ಅಂದರೆ ಸೆಪ್ಟೆಂಬರ್. ಜಿಗಣೆ ಧಾರಾಳ ಇರುವ ಕಾಲ. ಆ ಕಾಲದವರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತಿದ್ದರು. ಹಸು ಹುಡುಕಲು ಹೊರಟ ಹುಡುಗನ ಹತ್ತಿರ ಅದೂ ಇರಲಿಕ್ಕಿಲ್ಲ.

ಮನುಷ್ಯರ ದಾರಿ ಇಲ್ಲದ ಕಡೆ ಪ್ರಾಣಿಗಳ ದಾರಿ ಇದ್ದೇ ಇರುತ್ತದೆ. ಇದನ್ನು ಬಿಟ್ಟರೆ ಕಾಡಿನ ಬರವಣಿಗೆ ಅರ್ಧ ಬಿಟ್ಟಂತೆ. ಆನೆದಾರಿ ಅಗಲವಾಗಿರುತ್ತದೆ, ಏರನ್ನು ಸುಲಭದ ಕಡೆಯಿಂದ ಹತ್ತುತ್ತದೆ. ಅಷ್ಟು ಭಾರದ ಪ್ರಾಣಿ ಸುಮ್ನೆ ಕಡಿದಾದ ಕಡೆ ಹೋಗುವುದಿಲ್ಲ. ಪಕ್ಕದ ಮರಗಳಲ್ಲಿ ಮೈ ಉಜ್ಜಿದ ಮಣ್ಣು ಒಣಗಿರುತ್ತದೆ, ಮನುಷ್ಯನ ತಲೆಗಿಂತ ಎತ್ತರದಲ್ಲಿ. ಆ ಎತ್ತರ ಬರೆಯಿರಿ, ಆನೆ ಅಂತ ಬರೆಯದಿದ್ದರೂ ನಡೆಯುತ್ತದೆ. ಲದ್ದಿ ಹಳೆಯದೋ ಹೊಸದೋ ಅನ್ನುವುದು ಹುಡುಗನಿಗೆ ಜೀವದ ಪ್ರಶ್ನೆ. ಕಾಟಿಗಳು, ಅಂದರೆ ಕಾಡುಕೋಣಗಳು, ಸಾಲಾಗಿ ಹೋದ ಜಾಡಿನಲ್ಲಿ ಕೆಸರು ತುಳಿದು ಗುಂಡಿ ಬಿದ್ದಿರುತ್ತದೆ. ಹಂದಿಯ ದಾರಿ ಮೊಣಕಾಲೆತ್ತರದ ಸಂದು, ಮೆಳೆಯ ಅಡಿಯಲ್ಲಿ ಹಾದು ಹೋಗುತ್ತದೆ. ತೆವಳಿದರೆ ಮನುಷ್ಯನೂ ಹೋಗಬಹುದು, ಆದರೆ ಎದುರಿಗೆ ಹಂದಿ ಬಂದರೆ ತಿರುಗಲು ಜಾಗ ಇಲ್ಲ. ಪ್ರತಿಯೊಂದು ಪ್ರಾಣಿಯ ದಾರಿಯೂ ಅದಕ್ಕೆ ಬೇಕಾದ ಕಡೆಗೇ ಹೋಗುತ್ತದೆ, ನೀರಿಗೆ, ಮೇವಿಗೆ, ಉಪ್ಪುಮಣ್ಣಿಗೆ. ಊರಿಗೆ ಹೋಗುವುದಿಲ್ಲ. ಹುಡುಗ ಇದನ್ನು ನಿಧಾನಕ್ಕೆ ತಿಳಿಯಬೇಕು.

ಜಾಗದ ಆಕಾರಕ್ಕೆ ನಮ್ಮಲ್ಲಿರುವ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಟ್ಟದ ತಲೆಗೆ ಮೊಟ್ಟೆ ಅನ್ನುವುದುಂಟು, ಭಾಗಮಂಡಲದ ಕಡೆಯ ನಿಶಾನಿ ಮೊಟ್ಟೆ ಕೇಳಿರುತ್ತೀರಿ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕುಂದ್. ಎರಡು ಏರುಗಳ ನಡುವೆ ನೀರು ಕೊರೆದು ಇಳಿದ ಜಾಗ ಕೊಲ್ಲಿ. ನೀರು ಧುಮುಕುವ ಕಡೆ ಅಬ್ಬಿ. ಬಂಡೆಯ ಅಡಿಯಿಂದ ಸಣ್ಣಗೆ ಬರುವ ನೀರು ಒರತೆ. ಗದ್ದೆಗೆ ಸೇರಿದ ಸೊಪ್ಪು, ಸೌದೆಯ ಕಾಡು ಬಾಣೆ. ಕಂದಾಯ ಕಟ್ಟದ ಸರಕಾರಿ ಪಾಳುಜಾಗ ಪೈಸಾರಿ. ಬಾಣೆ ಅಂದರೆ ಊರು ಹತ್ತಿರ ಅಂತ ಅರ್ಥ, ಆದ್ದರಿಂದ ಕತೆಯ ನಡುವೆ ಆ ಪದ ಬೀಳದಂತೆ ನೋಡಿಕೊಳ್ಳಿ. ಹಡ್ಲು ಅನ್ನುವ ಚೆಂದದ ಪದ ಇದೆ, ಕಾಡಿನ ನಡುವಿನ ಜೌಗು ಹುಲ್ಲುಬಯಲಿಗೆ ಹೇಳುತ್ತಾರೆ. ಆದರೆ ಅದು ನಾಗರಹೊಳೆ ಕಡೆಯ ಸಮತಟ್ಟು ಕಾಡಿಗೆ ಸರಿ. ತಡಿಯಂಡಮೋಳ್ ಬೆನ್ನಿಗೆ ಅದನ್ನು ತರಬೇಡಿ. ಕಡಂಗ ನಿಮಗೆ ಗೊತ್ತಿರುತ್ತದೆ, ನಿಮ್ಮ ವಿರಾಜಪೇಟೆ ಹತ್ತಿರ ಆ ಹೆಸರಿನ ಊರೇ ಉಂಟು. ಹಳೆ ಕಾಲದವರು ಕಾವಲಿಗೆ ತೋಡಿದ ಉದ್ದದ ಕಂದಕಗಳು. ಕಾಡಿನ ನಡುವೆ ಒಣ ಕೊಲ್ಲಿಯಂತೆ ಕಾಣುವ ಕಂದಕವೊಂದು ನೇರವಾಗಿ ಬೆಟ್ಟ ಹತ್ತಿ ಹೋದರೆ, ಅದು ನೀರು ಕೊರೆದದ್ದಲ್ಲ, ಮನುಷ್ಯರು ತೋಡಿದ್ದು.

ದೂರ ಹೇಳುವಾಗ ಮೈಲಿ, ಕಿಲೋಮೀಟರ್ ಬಿಡಿ. ರಸ್ತೆ ಇದ್ದರೆ ತಾನೆ ಮೈಲಿ? ದಾರಿ ಇಲ್ಲದ ಕಡೆ ಮೈಯೇ ಅಳತೆ. ಆಳುದ್ದ, ಎದೆಮಟ್ಟ, ಸೊಂಟಮಟ್ಟ, ಮೊಣಕಾಲುದ್ದ, ಒಂದು ಮಾರು, ಕಲ್ಲೆಸೆದರೆ ಬೀಳುವಷ್ಟು ದೂರ. ಕೂಗಳತೆ ಅನ್ನುವ ಪದ ನಿಮಗೆ ತುಂಬ ಕೆಲಸಕ್ಕೆ ಬರುತ್ತದೆ. ಗದ್ದೆ ಬಯಲಿನಲ್ಲಿ ಕೂಗು ಎಷ್ಟೋ ದೂರ ಹೋಗುತ್ತದೆ. ಎಲೆ ತುಂಬಿದ ಕಾಡಿನಲ್ಲಿ, ಹೊಳೆಯ ಸದ್ದಿನ ನಡುವೆ, ಅದೇ ಕೂಗು ಮುಂದಿನ ಏರಿನವರೆಗೂ ಹೋಗುವುದಿಲ್ಲ. ಹುಡುಗ ಕೂಗುತ್ತಾನೆ, ಅವನನ್ನು ಹುಡುಕುವವರೂ ಕೂಗುತ್ತಾರೆ. ನಡುವೆ ಒಂದೇ ಒಂದು ಏಣು, ಅಂದರೆ ಬೆಟ್ಟದ ಚೂಪು ಬೆನ್ನು. ಎರಡೂ ಕಡೆಯವರಿಗೆ ಕೇಳುವುದಿಲ್ಲ. ಇದು ನಿಜವಾಗಿ ನಡೆಯುವ ಸಂಗತಿ.

ದಿಕ್ಕಿನ ವಿಷಯಕ್ಕೆ ಬಂದರೆ, ಅದು ನಿಮ್ಮ ಕತೆಯನ್ನೇ ಬದಲಿಸಬಹುದು. ಕಾಡಿನಲ್ಲಿ ದಾರಿ ತಪ್ಪಿದರೆ ನೀರಿನ ಜೊತೆ ಇಳಿ, ಊರು ಸಿಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಪೂರ್ವದ ಬದಿಯಲ್ಲಿ ಇದು ಸರಿ. ಅಲ್ಲಿನ ತೋಡು, ಹೊಳೆ ಎಲ್ಲ ಗದ್ದೆ ಬಯಲು ದಾಟಿ ಕೊನೆಗೆ ಕಾವೇರಿ ಸೇರುತ್ತವೆ. ಆದರೆ ಬೆಟ್ಟದ ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿದವನ ನೀರು ಬೇರೆ. ಅದು ಘಟ್ಟದ ಅಂಚಿನಲ್ಲಿ ಅಬ್ಬಿಯಾಗಿ ಧುಮುಕಿ ಅರಬ್ಬಿ ಸಮುದ್ರದ ಕಡೆ ಹೋಗುತ್ತದೆ. ಬ್ರಹ್ಮಗಿರಿ ಸಾಲಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಲಕ್ಷ್ಮಣತೀರ್ಥ ಒಂದು ಬದಿಗೆ, ಬರಪೊಳೆ ಇನ್ನೊಂದು ಬದಿಗೆ. ನಿಮ್ಮ ಹುಡುಗ ಹಿರಿಯರ ಮಾತು ನಂಬಿ ನೀರಿನ ಜೊತೆ ಇಳಿದರೆ ಮನೆಯಿಂದ ದೂರವೇ ಆಗುತ್ತಾನೆ. 1956ರ ತನಕ ಆಚೆ ಬದಿ ಮದ್ರಾಸಿಗೆ ಸೇರಿದ ಮಲಬಾರು ಜಿಲ್ಲೆ. ಕೊಡಗು ತಾನೇ ಒಂದು ರಾಜ್ಯ. ಅವನು ಇಳಿಯುವುದು ಬೇರೆ ರಾಜ್ಯಕ್ಕೆ, ಬೇರೆ ಮಾತಿನ ಜನರ ಕಡೆಗೆ.

ಕೊನೆಗೆ ಕ್ರಿಯಾಪದಗಳು. ನನ್ನ ಮಟ್ಟಿಗೆ ಇದೇ ಮುಖ್ಯ. ನೀವು ಕಳಿಸಿದ ಪುಟದಲ್ಲಿ ಹುಡುಗ ಬರೀ "ನಡೆದ", "ಹೋದ". ದಾರಿ ಇದ್ದರೆ ನಡೆಯುವುದು. ಇಲ್ಲದ ಕಡೆ ನುಸುಳುವುದು, ತೂರುವುದು, ಬಗ್ಗುವುದು, ತೆವಳುವುದು, ತಡವರಿಸುವುದು, ಬೇರು ಹಿಡಿದು ಇಳಿಯುವುದು, ಅಂಡೂರಿ ಜಾರುವುದು, ಬಳಸಿ ಹೋಗುವುದು, ಬಂದಲ್ಲಿಗೇ ಬರುವುದು. ಕತ್ತಿ ಇದ್ದವನು ಸವರಿಕೊಂಡು ಹೋಗುತ್ತಾನೆ. ಇಲ್ಲದವನು ಕೈಯಲ್ಲಿ ಸರಿಸಿಕೊಂಡು ಮುಖ ಕಾಪಾಡಿಕೊಂಡು ಹೋಗುತ್ತಾನೆ. ಇಷ್ಟು ಪದಗಳಲ್ಲಿ ಒಂದನ್ನು ಸರಿಯಾದ ಕಡೆ ಇಟ್ಟರೆ ಕಾಡು ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಅಂಡೂರಿ ಜಾರಿದ ಅಂದರೆ ಬರೆ ಎಷ್ಟು ಕಡಿದು ಅಂತ ಬಂತು, ಮಣ್ಣು ಹಸಿ ಅಂತಲೂ ಬಂತು.

ನಿಮ್ಮ ಎರಡು ಸಾಲುಗಳ ಜಾಗದಲ್ಲಿ ಹೀಗೆ ಬರೆದರೆ ಹೇಗೆ ನೋಡಿ:

"ಕೊಲ್ಲಿಯ ಸದ್ದು ಎಡಕ್ಕಿತ್ತು. ಸ್ವಲ್ಪ ಹೊತ್ತಿಗೆ ಅದು ಬೆನ್ನ ಹಿಂದೆ ಕೇಳಿತು. ತಿರುಗುವಷ್ಟರಲ್ಲಿ ಬೆತ್ತದ ಎಳೆ ಅಂಗಿಯ ತೋಳು ಹಿಡಿಯಿತು. ಎಳೆದ. ಅಂಗಿ ಪರ್ರನೆ ಹರಿಯಿತು, ಬೆತ್ತ ಬಿಡಲಿಲ್ಲ. ಹಿಂದೆ ಬಂದು ಬಿಡಿಸಿಕೊಂಡು ತಲೆ ಎತ್ತಿದಾಗ ಸುತ್ತ ಮರ ಮರದ ನಡುವೆ ಜಾಗ ಇತ್ತು. ಯಾವ ಕಡೆಯಿಂದ ಬಂದದ್ದು ಅಂತ ಗೊತ್ತಾಗಲಿಲ್ಲ."

ಇದರಲ್ಲಿ ದಟ್ಟ ಇಲ್ಲ, ದಾರಿ ಅನ್ನುವ ಪದವೂ ಇಲ್ಲ. ಇದನ್ನೇ ಬಳಸಿಕೊಳ್ಳಿ ಅನ್ನುತ್ತಿಲ್ಲ. ನಿಮ್ಮ ಹುಡುಗನನ್ನು ನಿಮಗೇ ಚೆನ್ನಾಗಿ ಗೊತ್ತು.

ಮಾತು ಬರೆಯುವಾಗ ನಮ್ಮ ಕಡೆಯ ಕನ್ನಡವನ್ನೇ ಬರೆಯಿರಿ. "ಅಲ್ಲಿ ಹೋಗ್ಲಿಕ್ಕೆ ದಾರಿ ಗೀರಿ ಏನೂ ಇಲ್ಲ ಮಾರಾಯ" ಅಂತ ಹಿರಿಯನೊಬ್ಬ ಅನ್ನಲಿ. "ಮಾರ್ಗವೇ ಇಲ್ಲದ ಕಾನನ" ಅಂತ ಅವನ ಬಾಯಿಗೆ ತುರುಕಬೇಡಿ. ಇನ್ನೊಂದು ಕೆಲಸ ಮಾಡಿ. ಕಕ್ಕಬ್ಬೆ, ಯವಕಪಾಡಿ ಕಡೆಯ ಹಿರಿಯರ ಹತ್ತಿರ ಕೂತು ಆ ಬೆಟ್ಟದ ಒಂದೊಂದು ಕೊಲ್ಲಿಗೆ, ಬಂಡೆಗೆ, ಒಂಟಿ ಮರಕ್ಕೆ ಅವರು ಏನು ಕರೆಯುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ದಾರಿ ಇಲ್ಲದ ಜಾಗಗಳಿಗೂ ಹೆಸರು ಇರುತ್ತದೆ. ಹಸು ಮೇಯಿಸಿದವರು, ಏಲಕ್ಕಿ ಕೊಯ್ದವರು, ಜೇನಿಗೆ ಹೋದವರು ಇಟ್ಟ ಹೆಸರುಗಳು. ಅವು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಹೇಳುವವರು ಹೋದರೆ ಹೆಸರೂ ಹೋಗುತ್ತದೆ, ಆದ್ದರಿಂದ ತಡ ಮಾಡಬೇಡಿ. ಜಾಗ ನೋಡಲೇಬೇಕು ಅನಿಸಿದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ.

ಹುಡುಗ ಕಾಡಿನಿಂದ ಹೊರಬರುವ ಭಾಗವನ್ನು ನೀವು ಇನ್ನೂ ಬರೆದಿಲ್ಲ ಅಂದಿರಿ. ಅಲ್ಲಿ ಒಮ್ಮೆಗೇ ರಸ್ತೆ ತರಬೇಡಿ. ಮೊದಲು ಕತ್ತಿಯಲ್ಲಿ ಕಡಿದ ಕೊಂಬೆ, ಗಾಯ ಇನ್ನೂ ಬೆಳ್ಳಗಿರುವಂಥದ್ದು. ಆಮೇಲೆ ಹಸುವಿನ ಸಗಣಿ. ಆಮೇಲೆ ಸವೆದ ಮಣ್ಣು. ಈಚೆ ಬದಿಗೆ ಬಂದರೆ ಸಾಲು ಹಿಡಿದು ನೆಟ್ಟ ಕಾಫಿ ಗಿಡ, ಮನೆಗೆ ಹೋಗುವ ಓಣಿ. ಆಚೆ ಬದಿಗೆ ಇಳಿದರೆ ಮಲಯಾಳದ ಮಾತು. ಯಾವ ಬದಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ, ಉಳಿದ ಪದಗಳು ಅದರ ಮೇಲೆ ನಿಲ್ಲುತ್ತವೆ.